ಗೊಬ್ಬರದ ಚೀಲ ಓದುವ ನಾವು ತಿಂಡಿಯ ಪೊಟ್ಟಣ ಓದುವುದಿಲ್ಲವೇಕೆ?

ಕಾರ್ಯದರ್ಶಿಯವರಿಂದ



ನಮ್ಮ ವಾರ್ತಾಪತ್ರದ ಈ ಪುಟದಲ್ಲಿ ಬೋರ್ಡೋ ದ್ರಾವಣ, ಕಾಯಿಕೊರಕ, ಅಡಿಕೆಯ ಕೊಳೆರೋಗ, ಸಾಲದ ಮರುಪಾವತಿ ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಸಲ ಅವುಗಳನ್ನು ಬದಿಗಿಟ್ಟು, ನಮ್ಮ ನಮ್ಮ ಹೊಟ್ಟೆಯ ವಿಷಯವನ್ನು ಬರೆಯುತ್ತಿದ್ದೇನೆ. ಇದು ಕೃಷಿಗೆ ಸಂಬಂಧಿಸಿದ್ದಲ್ಲವೆಂದು ಯಾರೂ ಪುಟ ಮಗುಚಬಾರದಾಗಿ ಕೋರುತ್ತೇನೆ. ತೋಟ ನೋಡಿಕೊಳ್ಳಬೇಕಾದವನೇ ಹಾಸಿಗೆ ಹಿಡಿದರೆ ತೋಟದ ಗತಿ ಏನಾಗುತ್ತದೆಂಬುದನ್ನು ನಾವೆಲ್ಲ ಕಂಡಿದ್ದೇವೆ.

ಗೋದಾಮಿಗೆ ಗೊಬ್ಬರ ಕೊಳ್ಳಲು ಬರುವ ಸದಸ್ಯರನ್ನು ನಾನು ಅನೇಕ ವರ್ಷಗಳಿಂದ ನೋಡುತ್ತಿದ್ದೇನೆ. ಹೆಚ್ಚು ಓದದವರೂ ಚೀಲದ ಮೇಲಿನ 17:17:17 ಎಂಬ ಅಂಕಿಗಳ ಮೇಲೆ ಬೆರಳಿಟ್ಟು, 50 ಕಿಲೋ ಚೀಲದಲ್ಲಿ ಸಾರಜನಕ ಎಂಟೂವರೆ ಕಿಲೋ, ರಂಜಕ ಎಂಟೂವರೆ, ಪೊಟ್ಯಾಷ್ ಎಂಟೂವರೆ ಎಂದು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಬೆಲೆಗೂ ಅಂಶಕ್ಕೂ ತಾಳೆಯಾಗದಿದ್ದರೆ ಚೀಲವನ್ನು ಅಲ್ಲೇ ಬಿಡುತ್ತಾರೆ. ಅದೇ ಸದಸ್ಯರು ಹೊರಗೆ ಬಂದು ಎದುರಿನ ಅಂಗಡಿಯಲ್ಲಿ ಬಿಸ್ಕತ್ತು, ಮಿಕ್ಸ್‌ಚರ್ ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ತಿರುಗಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಹೋದ ವರ್ಷದವರೆಗೆ ನಾನೂ ನೋಡಿದವನಲ್ಲ. ಗಿಡದ ಬುಡಕ್ಕೆ ಹಾಕುವುದನ್ನು ಓದಿ ಕೊಳ್ಳುವ ನಾವು, ಬಾಯಿಗೆ ಹಾಕಿಕೊಳ್ಳುವುದನ್ನು ಚಿತ್ರ ನೋಡಿ ಕೊಳ್ಳುತ್ತೇವೆ.

ಬಿಟ್ಟುಹೋದ ಬಾಬ್ತುಗಳು

ತೋಟದ ಉಸ್ತುವಾರಿಯನ್ನು ಮಗನಿಗೆ ವಹಿಸಿ ಮೈಸೂರಿನ ಕಛೇರಿಯಲ್ಲಿ ಪೂರ್ಣಾವಧಿ ಕುಳಿತ ಮೇಲೆ ಆರು ವರ್ಷಗಳಲ್ಲಿ ನನ್ನ ತೂಕ ಒಂಬತ್ತು ಕಿಲೋ ಏರಿತು. ಕಳೆದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ ಶೇ. 6.2 ಎಂದು ಬಂದಿತು. ಈ ಅಂಕಿ 5.7ಕ್ಕಿಂತ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಾನು ಗಡಿಯ ಮೇಲೆ ನಿಂತಿದ್ದೆ.

ಒಂದು ವಾರ ತಿಂದದ್ದನ್ನೆಲ್ಲ ಬರೆದು ತರುವಂತೆ ವೈದ್ಯರು ಹೇಳಿದರು. ಲೆಕ್ಕ ಬರೆಯುವುದು ನನ್ನ ಕಸುಬೇ ಆದ್ದರಿಂದ ಗೆರೆ ಎಳೆದ ಪುಸ್ತಕದಲ್ಲಿ ಅಂದವಾಗಿ ಬರೆದುಕೊಂಡು ಹೋದೆ. ಬೆಳಿಗ್ಗೆ ಎರಡು ಅಕ್ಕಿರೊಟ್ಟಿ, ಮಧ್ಯಾಹ್ನ ಒಂದು ಮುದ್ದೆ, ಸ್ವಲ್ಪ ಅನ್ನ, ಸಾರು, ಪಲ್ಯ. ರಾತ್ರಿ ಎರಡು ಚಪಾತಿ. ಇಷ್ಟು ಮಿತವಾಗಿ ಉಣ್ಣುವವನಿಗೆ ತೂಕ ಏರಬಾರದಿತ್ತಲ್ಲ ಎಂಬ ಸಣ್ಣ ಹೆಮ್ಮೆಯೂ ಇತ್ತು. ವೈದ್ಯರು ಪುಸ್ತಕ ನೋಡಿ, "ಸಾರ್, ಊಟ ಬರೆದಿದ್ದೀರಿ. ಊಟಗಳ ನಡುವೆ ತಿಂದದ್ದು, ಕುಡಿದದ್ದು ಎಲ್ಲಿ?" ಎಂದರು. ನಾನು, "ಅದೆಲ್ಲ ಚಿಲ್ಲರೆ" ಎಂದೆ. "ನಿಮ್ಮ ಸಂಘದಲ್ಲಿ ಚಿಲ್ಲರೆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆ?" ಎಂದು ಅವರು ಕೇಳಿದರು. ಲೆಕ್ಕ ಪರಿಶೋಧಕರು ಆಕ್ಷೇಪಣೆ ಎತ್ತಿದಾಗಲೂ ನಾನು ಅಷ್ಟು ಪೆಚ್ಚಾದದ್ದಿಲ್ಲ.

ಮರುವಾರ ಚಿಲ್ಲರೆಯನ್ನೂ ಬರೆದೆ. ದಿನಕ್ಕೆ ಐದು ಲೋಟ ಕಾಫಿ. ಕಾಫಿಯ ಜೊತೆ ನಾಲ್ಕು ಬಿಸ್ಕತ್ತು. ಸಂಜೆ ಪತ್ರಿಕೆ ಓದುತ್ತ ಎರಡು ಹಿಡಿ ಮಿಕ್ಸ್‌ಚರ್. ಅನ್ನದ ಮೇಲೆ ಎರಡು ಚಮಚ ತುಪ್ಪ. ಇವುಗಳ ಲೆಕ್ಕ ಹೀಗಿದೆ: ಕಾಫಿ 500, ಬಿಸ್ಕತ್ತು 90, ಮಿಕ್ಸ್‌ಚರ್ 215, ತುಪ್ಪ 90, ಒಟ್ಟು ಸುಮಾರು 900 ಕ್ಯಾಲೊರಿ. ಯಾವುದಾದರೂ ಸದಸ್ಯರ ಮನೆಯ ಮದುವೆಯ ಸಿಹಿ ಕಛೇರಿಗೆ ಬಂದ ದಿನ ಇನ್ನೂ ಇನ್ನೂರು ಮುನ್ನೂರು ಜಾಸ್ತಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು 2020ರಲ್ಲಿ ಗೊತ್ತುಪಡಿಸಿದ ಪ್ರಕಾರ 65 ಕಿಲೋ ತೂಕದ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ಶ್ರಮದವರಿಗೆ 2710, ಕಠಿಣ ಶ್ರಮದವರಿಗೆ 3470. ಹೆಂಗಸರಿಗೆ ಇದೇ ಕ್ರಮದಲ್ಲಿ 1660, 2130 ಮತ್ತು 2720. ಈ ಅಂಕಿಗಳಲ್ಲೇ ನಮ್ಮಂಥವರ ಕಥೆ ಇದೆ. ಕಸಿ, ಮರಗಸಿ, ಕೊಯ್ಲು ಎಂದು ಬೆಳಗಿನಿಂದ ಸಂಜೆವರೆಗೆ ತೋಟದ ಏರುತಗ್ಗು ಹತ್ತಿಳಿಯುತ್ತಿದ್ದ ಕಾಲದಲ್ಲಿ ಈ ಚಿಲ್ಲರೆ ಎಲ್ಲಿ ಕರಗುತ್ತಿತ್ತೋ ತಿಳಿಯುತ್ತಿರಲಿಲ್ಲ. ಈಗ ಜೀಪು ತೋಟದೊಳಗೇ ಹೋಗುತ್ತದೆ. ಮೈಸೂರಿನಲ್ಲಿ ಮನೆ ಮಾಡಿದವರಿಗಂತೂ ತೋಟವೇ ದೂರವಾಯಿತು. ಶ್ರಮ ಇಳಿಯಿತು, ತಟ್ಟೆ ಇಳಿಯಲಿಲ್ಲ.

ಕಾಫಿ ನಿರಪರಾಧಿ

ಕ್ಯಾಲೊರಿ ಎಂದರೇನು ಎಂದು ಕೆಲವರು ಕೇಳಬಹುದು. ಅದು ಶಾಖದ ಅಳತೆ. ಒಂದು ಕಿಲೋ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿ ಮಾಡುವ ಶಾಖಕ್ಕೆ ಕಿಲೋ ಕ್ಯಾಲೊರಿ ಎಂದು ಹೆಸರು. ಆಹಾರದ ಮಾತಿನಲ್ಲಿ ಬರಿದೆ ಕ್ಯಾಲೊರಿ ಎಂದರೂ ಇದೇ ಅರ್ಥ. ನೆನಪಿಡಬೇಕಾದ ಅಂಕಿಗಳು ಮೂರೇ: ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಸಸಾರಜನಕದಲ್ಲಿ 4, ಒಂದು ಗ್ರಾಂ ಎಣ್ಣೆ, ತುಪ್ಪ ಅಥವಾ ಯಾವುದೇ ಕೊಬ್ಬಿನಲ್ಲಿ 9. ಗೊಬ್ಬರದ ಮೂರು ಅಂಕಿಗಳನ್ನು ಬಲ್ಲವರಿಗೆ ಇವು ಕಷ್ಟವಲ್ಲ.

ಈಗ ನಮ್ಮ ಕಾಫಿಯನ್ನೇ ತೆಗೆದುಕೊಳ್ಳೋಣ. ಬರಿಯ ಡಿಕಾಕ್ಷನ್ನಿನಲ್ಲಿ ಲೋಟಕ್ಕೆ ಎರಡು ಮೂರು ಕ್ಯಾಲೊರಿಯೂ ಇರುವುದು ಅಪರೂಪ. ಅದಕ್ಕೆ 100 ಮಿಲಿ ಟೋನ್ಡ್ ಹಾಲು ಬೆರೆಸಿದರೆ ಸುಮಾರು 60. ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ ಹಾಕಿದರೆ 40. ಒಂದು ಲೋಟಕ್ಕೆ 100 ಆಯಿತು. ನಾವು ಬೆಳೆದದ್ದರ ಪಾಲು ಅದರಲ್ಲಿ ಎರಡೋ ಮೂರೋ. ಉಳಿದದ್ದೆಲ್ಲ ಹಾಲಿನವರದು ಮತ್ತು ಕಬ್ಬಿನವರದು! ವೈದ್ಯರು ಕಾಫಿ ಬಿಡಿಸಿದರೆ ಹೇಗೆ ಎಂದು ಅಂಜುವ ಸದಸ್ಯರು ಧೈರ್ಯ ತಂದುಕೊಳ್ಳಬಹುದು. ಬಿಡಬೇಕಾದದ್ದು ಸಕ್ಕರೆ.

ಹಾಲಿನಲ್ಲಿಯೂ ಭೇದವಿದೆ. ಟೋನ್ಡ್ ಹಾಲಿನಲ್ಲಿ ಕೊಬ್ಬು ಕನಿಷ್ಠ ಶೇ. 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ. 4.5, ಪೂರ್ಣ ಕೆನೆಯ ಹಾಲಿನಲ್ಲಿ ಶೇ. 6. ಪೂರ್ಣ ಕೆನೆಯ ಹಾಲು 100 ಮಿಲಿಗೆ ಹತ್ತಿರ ಹತ್ತಿರ 90 ಕ್ಯಾಲೊರಿ ಕೊಡುತ್ತದೆ. ಇದು ಹಾಲಿನ ಪೊಟ್ಟಣದ ಮೇಲೆಯೇ ಮುದ್ರಿತವಾಗಿರುತ್ತದೆ.

"ನಾವು ಸಕ್ಕರೆ ಬಿಟ್ಟು ಬೆಲ್ಲ ಹಾಕುತ್ತೇವೆ" ಎಂದು ಹಲವರು ಹೇಳುವುದುಂಟು. ಬೆಲ್ಲದ ರುಚಿ ಬೇರೆ, ಅದರಲ್ಲಿ ಅಲ್ಪಸ್ವಲ್ಪ ಖನಿಜಗಳೂ ಉಂಟು. ಆದರೆ ಕ್ಯಾಲೊರಿ ಮಾತ್ರ ಸಕ್ಕರೆಗೆ ಸರಿಸಮ. ರಾಗಿಯ ವಿಷಯದಲ್ಲಿಯೂ ಇಂತಹದೇ ಒಂದು ನಂಬಿಕೆ ಇದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಅಕ್ಕಿಗಿಂತ ಬಹಳ ಹೆಚ್ಚು. ಅದು ಉತ್ತಮ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೂಕಕ್ಕೆ ತೂಕ ಹೋಲಿಸಿದರೆ ಎರಡರ ಕ್ಯಾಲೊರಿಗೂ ದೊಡ್ಡ ಅಂತರವಿಲ್ಲ. ಮುದ್ದೆಯ ಗಾತ್ರ ದೊಡ್ಡದಾದರೆ ಲೆಕ್ಕವೂ ದೊಡ್ಡದೇ.

ಎಣ್ಣೆಯ ದಾಸ್ತಾನು ಪುಸ್ತಕ

ಅಡಿಗೆಯಲ್ಲಿ ಎಷ್ಟು ಎಣ್ಣೆ ಬೀಳುತ್ತದೆಂದು ಯಾರೂ ಹೇಳಲಾರರು. ಒಗ್ಗರಣೆಯ ಚಮಚ, ದೋಸೆಯ ಸುತ್ತ ಬಿಡುವ ಎಣ್ಣೆ, ಹಲಸಿನ ಹಪ್ಪಳ ಕುಡಿಯುವ ಎಣ್ಣೆ, ಇವು ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ನಾನು ಗೋದಾಮಿನ ಕ್ರಮವನ್ನೇ ಅಡಿಗೆಮನೆಯಲ್ಲಿ ಅನುಸರಿಸಿದೆ. ತಿಂಗಳ ಆರಂಭದ ಶಿಲ್ಕು, ಬಂದ ಮಾಲು, ಕೊನೆಯ ಶಿಲ್ಕು. ಉಳಿದದ್ದು ಖರ್ಚು.

ಈ ಲೆಕ್ಕ ಹಿಡಿಯಲು ಹೋದಾಗ ಮನೆಯವರಿಗೆ ಮೊದಲು ಸಿಟ್ಟು ಬಂದಿತು. "ರೀ, ಸಂಘದ ತನಿಖೆ ಮುಗಿಯಿತು, ಈಗ ನನ್ನ ಅಡಿಗೆಮನೆ ತನಿಖೆಯೋ?" ಎಂದರು. ತಿಂಗಳ ಕೊನೆಯಲ್ಲಿ ಅಂಕಿ ನೋಡಿ ಇಬ್ಬರೂ ಸುಮ್ಮನಾದೆವು. ನಾವಿಬ್ಬರೇ ಇರುವ ಮನೆಯಲ್ಲಿ ಮೂರು ಲೀಟರು ಎಣ್ಣೆ ಖರ್ಚಾಗಿತ್ತು. ಒಂದು ಲೀಟರು ಎಣ್ಣೆಯ ತೂಕ ಸುಮಾರು 910 ಗ್ರಾಂ. ಮೂರು ಲೀಟರಿಗೆ 2730 ಗ್ರಾಂ. ಇಬ್ಬರಿಗೆ ಮೂವತ್ತು ದಿನ ಎಂದರೆ ತಲಾ ದಿನಕ್ಕೆ 45 ಗ್ರಾಂ. ಅದನ್ನು 9ರಿಂದ ಗುಣಿಸಿದರೆ ಸುಮಾರು 410 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಆಹಾರಕ್ಕೆ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದು ಹೇಳಿದೆ. ನಮ್ಮದು ಬರಿಯ ಎಣ್ಣೆಯೇ ಅದರ ಒಂದೂವರೆ ಪಾಲಿಗಿಂತ ಮೇಲಾಗಿತ್ತು.

ಸಕ್ಕರೆ ಎರಡು ಕಿಲೋ. ತಲಾ ದಿನಕ್ಕೆ 33 ಗ್ರಾಂ. ಕಛೇರಿಯಲ್ಲಿ ನಾನು ಕುಡಿಯುವ ಮೂರು ಲೋಟ ಕಾಫಿಯ 30 ಗ್ರಾಂ ಇದರಲ್ಲಿ ಸೇರಿಲ್ಲ; ಸೇರಿಸಿದರೆ ನನ್ನ ಪಾಲಿಗೆ 63. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಒಟ್ಟು ಕ್ಯಾಲೊರಿಯ ಶೇ. 10ಕ್ಕಿಂತ ಕಡಮೆ, ಅಂದರೆ 2000 ಕ್ಯಾಲೊರಿಯ ಆಹಾರಕ್ಕೆ 50 ಗ್ರಾಂ. ಅದನ್ನೂ ಶೇ. 5ಕ್ಕೆ, ಅಂದರೆ 25 ಗ್ರಾಂಗೆ ಇಳಿಸಿದರೆ ಇನ್ನೂ ಮೇಲು ಎಂದಿದೆ.

ಸದಸ್ಯರ ಮನೆಯವರೆಲ್ಲರೂ ಒಂದು ತಿಂಗಳ ಮಟ್ಟಿಗೆ ಈ ಲೆಕ್ಕ ಇಟ್ಟು ನೋಡಬೇಕೆಂದು ವಿನಂತಿ. ಮನೆಗೆ ಬಂದುಹೋಗುವ ನೆಂಟರನ್ನೂ, ಕೆಲಸದವರಿಗೆ ಕೊಡುವ ಕಾಫಿ ತಿಂಡಿಯನ್ನೂ ಎಣಿಕೆಗೆ ಸೇರಿಸಿಕೊಳ್ಳಿ. ಪ್ರತಿ ತುತ್ತನ್ನೂ ತೂಗುವ ಅಗತ್ಯವಿಲ್ಲ. ಎಣ್ಣೆ, ತುಪ್ಪ, ಸಕ್ಕರೆ ಮತ್ತು ಬೆಲ್ಲ, ಈ ನಾಲ್ಕರ ಲೆಕ್ಕ ಸಾಕು.

ನಮ್ಮ ಊರಿನ ಎರಡು ಸಂಸ್ಥೆಗಳು

ಕ್ಯಾಲೊರಿ ಎಂಬುದು ವೈರಿಯಲ್ಲ. ಇದನ್ನು ಮೈಸೂರಿನವರಾದ ನಾವು ಬೇಗ ತಿಳಿಯಬಹುದು. ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ 1950ರಲ್ಲಿ ಇಲ್ಲಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದಾಗ ದೇಶದ ಮುಂದಿದ್ದ ಪ್ರಶ್ನೆ ಹಸಿವಿನದು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟಿಗೆ ಕಡಲೆಹಿಟ್ಟು ಸೇರಿಸಿ ಅಲ್ಲಿ ತಯಾರಿಸಿದ ವಿವಿಧೋದ್ದೇಶ ಆಹಾರ ಬಡ ಮಕ್ಕಳಿಗೆ ಅಗ್ಗದಲ್ಲಿ ಸಸಾರಜನಕ ಒದಗಿಸುವ ಪ್ರಯತ್ನವಾಗಿತ್ತು. 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯದ ಕೆಲಸ ಸೈನಿಕರ ಆಹಾರಕ್ಕೆ ಸಂಬಂಧಿಸಿದ್ದು. ಹಿಮದ ಗಡಿಯಲ್ಲಿ ಬೆನ್ನ ಮೇಲೆ ಹೊರೆ ಹೊತ್ತು ನಡೆಯುವ ಜವಾನನಿಗೆ ಕಡಮೆ ತೂಕದಲ್ಲಿ ಹೆಚ್ಚು ಕ್ಯಾಲೊರಿ ಇರುವ ಪೊಟ್ಟಣವೇ ಬೇಕು. ಅವನಿಗೆ ಗುಣವಾದದ್ದು ಕುರ್ಚಿಯಲ್ಲಿ ಕುಳಿತ ಕಾರ್ಯದರ್ಶಿಗೆ ದೋಷವಾಗುತ್ತದೆ.

ಮೈಸೂರು ಪಾಕಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡಿಗೆಯವರಾದ ಕಾಕಾಸುರ ಮಾದಪ್ಪನವರ ಕೈಯಿಂದ ಬಂದ ಸಿಹಿ ಎಂದು ಹೆಸರಾದ ಇದನ್ನು ಟೀಕಿಸುವ ಧೈರ್ಯ ನನಗಿಲ್ಲ. ನಮ್ಮ ಮನೆಯ ಪ್ರಮಾಣ ಮಾತ್ರ ಹೇಳುತ್ತೇನೆ: ಕಡಲೆಹಿಟ್ಟು 100 ಗ್ರಾಂ, ಸಕ್ಕರೆ 200, ತುಪ್ಪ 200. ಕ್ಯಾಲೊರಿ ಕ್ರಮವಾಗಿ ಸುಮಾರು 360, 800 ಮತ್ತು 1800, ಒಟ್ಟು 2960. ಇದರಲ್ಲಿ 40 ಗ್ರಾಂನ ಒಂದು ತುಂಡಿಗೆ ಸುಮಾರು 235 ಬರುತ್ತದೆ. ಅದರೊಳಗೆ ತುಪ್ಪದ ಪಾಲೇ 140ಕ್ಕೂ ಮೇಲು. ಕಡಲೆಹಿಟ್ಟಿನ ಪಾಲು 30ನ್ನೂ ಮುಟ್ಟುವುದಿಲ್ಲ. ದಸರೆಗೆ, ಹಬ್ಬಕ್ಕೆ ಒಂದು ತುಂಡು ತಿನ್ನಿ, ಸಂತೋಷವಾಗಿ ತಿನ್ನಿ. ಒಂದು ತುಂಡಿಗೆ ಒಂದು ಗಂಟೆ ಚುರುಕಾದ ನಡಿಗೆ ಎಂಬ ಅಂದಾಜು ಮನಸ್ಸಿನಲ್ಲಿದ್ದರೆ ಸಾಕು. ನಾನು ಅದನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತೀರಿಸುತ್ತೇನೆ.

ಪೊಟ್ಟಣ ಓದುವ ಕ್ರಮ

ಮನೆಯ ಅಡಿಗೆಗೆ ಚೀಟಿ ಇಲ್ಲ. ಸಾಮಾನ್ಯ ಹೋಟೆಲಿನ ದೋಸೆಗೂ ಇಲ್ಲ. 2020ರ ನಿಯಮದಂತೆ ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಇಲ್ಲವೆ ಕೇಂದ್ರ ಪರವಾನಗಿ ಇರುವ ಹೋಟೆಲುಗಳು ಮಾತ್ರ ತಿಂಡಿಪಟ್ಟಿಯಲ್ಲಿ ಕ್ಯಾಲೊರಿ ತೋರಿಸಬೇಕು. ಆದರೆ ಪೊಟ್ಟಣದ ಆಹಾರಕ್ಕೆ ಚೀಟಿ ಕಡ್ಡಾಯ. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಸ್ಥಾನದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದಿತು. ಅದರ ಅಡಿಯಲ್ಲಿ ಬಂದ ನಿಯಮಗಳು ಪೊಟ್ಟಣದ ಹಿಂಬದಿಯ ಆ ಸಣ್ಣ ಕೋಷ್ಟಕಕ್ಕೆ ಆಧಾರ. ಅದನ್ನು ಓದುವ ಕ್ರಮವನ್ನು ಕೆಳಗೆ ಕೊಟ್ಟಿದೆ.

ಒಂದು: ಮೊದಲು ಪದಾರ್ಥಗಳ ಪಟ್ಟಿ ನೋಡಿ. ತೂಕದಲ್ಲಿ ಯಾವುದು ಹೆಚ್ಚೋ ಅದು ಮೊದಲು, ಕಡಮೆಯಾದದ್ದು ಕೊನೆಗೆ ಬರಬೇಕೆಂಬುದು ನಿಯಮ. ಮುಂಬದಿಯಲ್ಲಿ ಬಾದಾಮಿಯ ದೊಡ್ಡ ಚಿತ್ರವಿದ್ದು, ಪಟ್ಟಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂದು ಆರಂಭವಾಗಿ ಬಾದಾಮಿ ಬಾಲದಲ್ಲಿದ್ದರೆ ಕೊಳ್ಳುತ್ತಿರುವುದು ಏನನ್ನು ಎಂದು ಗೊತ್ತಾಗುತ್ತದೆ. ಹಾಲು ಸಕ್ಕರೆ ಬೆರೆಸಿದ ದಿಢೀರ್ ಕಾಫಿ ಪೊಟ್ಟಣಗಳನ್ನು ಹೀಗೆ ಓದಿ ನೋಡಿ; ಹಲವುಗಳಲ್ಲಿ ಮೊದಲ ಹೆಸರು ಕಾಫಿಯದಲ್ಲ, ಸಕ್ಕರೆಯದು. ಸಕ್ಕರೆಗೆ ಬೇರೆ ಹೆಸರುಗಳೂ ಉಂಟು: ಗ್ಲೂಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್. ಮೂರು ಹೆಸರಿನಲ್ಲಿ ಹಂಚಿ ಬರೆದರೆ ಒಂದೊಂದೂ ಪಟ್ಟಿಯ ಕೆಳಗೆ ಇಳಿಯುತ್ತದೆ.

ಎರಡು: ಕೋಷ್ಟಕದ ಅಂಕಿ 100 ಗ್ರಾಂಗೋ, ಒಂದು ಸಲ ಬಡಿಸುವ ಅಳತೆಗೋ ನೋಡಿ. ಬಹು ಮಂದಿ ಎಡವುವುದು ಇಲ್ಲಿಯೇ. ಉದಾಹರಣೆಗೆ 150 ಗ್ರಾಂನ ಒಂದು ಮಿಕ್ಸ್‌ಚರ್ ಪೊಟ್ಟಣದಲ್ಲಿ 100 ಗ್ರಾಂಗೆ ಸಸಾರಜನಕ 12 ಗ್ರಾಂ, ಪಿಷ್ಟ ಮತ್ತು ಸಕ್ಕರೆ 48, ಕೊಬ್ಬು 34 ಎಂದಿಟ್ಟುಕೊಳ್ಳಿ. 12ನ್ನು 4ರಿಂದ ಗುಣಿಸಿದರೆ 48. 48ನ್ನು 4ರಿಂದ ಗುಣಿಸಿದರೆ 192. 34ನ್ನು 9ರಿಂದ ಗುಣಿಸಿದರೆ 306. ಒಟ್ಟು 546. ಬಡಿಸುವ ಅಳತೆ 30 ಗ್ರಾಂ ಎಂದಿದ್ದರೆ ಅಲ್ಲಿ 164 ಎಂಬ ಸಣ್ಣ ಅಂಕಿ ಕಾಣುತ್ತದೆ. ಆದರೆ ಕ್ರಿಕೆಟ್ ನೋಡುತ್ತ ಇಡೀ ಪೊಟ್ಟಣ ಮುಗಿಸಿದವರು ತಿಂದದ್ದು 819. ಕುಳಿತು ಕೆಲಸ ಮಾಡುವ ಹೆಂಗಸಿನ ದಿನದ ಅಗತ್ಯದ ಅರ್ಧದಷ್ಟು ಅಲ್ಲಿಗೇ ಮುಗಿಯಿತು. ಕೆಲವು ಪೊಟ್ಟಣಗಳಲ್ಲಿ ಕಿಲೋ ಜೂಲ್ ಎಂಬ ಅಳತೆ ಇರುತ್ತದೆ, ಅದನ್ನು 4.2ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ.

ಮೂರು: ಸೇರಿಸಿದ ಸಕ್ಕರೆ, ಪರ್ಯಾಪ್ತ ಕೊಬ್ಬು, ಸೋಡಿಯಂ, ಈ ಮೂರು ಸಾಲುಗಳನ್ನು ನೋಡಿ. ಇಂಗ್ಲಿಷಿನಲ್ಲಿ ಆಡೆಡ್ ಶುಗರ್ಸ್, ಸ್ಯಾಚುರೇಟೆಡ್ ಫ್ಯಾಟ್, ಸೋಡಿಯಂ ಎಂದು ಬರೆದಿರುತ್ತದೆ. ಪಕ್ಕದಲ್ಲಿ ಕೊಡುವ ಶೇಕಡಾವಾರು ಅಂಕಿಗೆ ಆಧಾರ ಇದು: ದಿನಕ್ಕೆ 2000 ಕ್ಯಾಲೊರಿ, ಒಟ್ಟು ಕೊಬ್ಬು 67 ಗ್ರಾಂ, ಪರ್ಯಾಪ್ತ ಕೊಬ್ಬು 22 ಗ್ರಾಂ, ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ರಕ್ತದೊತ್ತಡ ಇರುವವರು ಸೋಡಿಯಂ ಸಾಲನ್ನು ಮರೆಯಬಾರದು.

ನಾಲ್ಕು: ಮುಂಬದಿಯ ಮಾತಿಗೆ ಮರುಳಾಗಬೇಡಿ. ಅಡಿಗೆ ಎಣ್ಣೆಯ ಮೇಲೆ ಕೊಲೆಸ್ಟರಾಲ್ ಇಲ್ಲ ಎಂದು ಬರೆದಿದ್ದರೆ ಅದು ಸುಳ್ಳಲ್ಲ. ಕಾಳಿನಿಂದ ಬರುವ ಯಾವ ಎಣ್ಣೆಯಲ್ಲಿಯೂ ಹೇಳಿಕೊಳ್ಳುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಆದರೂ 100 ಗ್ರಾಂಗೆ 900 ಕ್ಯಾಲೊರಿ ಇದ್ದೇ ಇದೆ. ಸಕ್ಕರೆ ರಹಿತ ಎನ್ನಬೇಕಾದರೆ 100 ಗ್ರಾಂನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರಬಾರದು. ಅಂತಹ ಬಿಸ್ಕತ್ತಿನಲ್ಲಿಯೂ ಹಿಟ್ಟು ಮತ್ತು ಕೊಬ್ಬು ಹಾಗೆಯೇ ಇರುತ್ತವೆ. ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳನ್ನು ಆರೋಗ್ಯ ಪೇಯ ಎಂಬ ಶೀರ್ಷಿಕೆಯಡಿ ಮಾರಬಾರದೆಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟದವರಿಗೆ ಸೂಚಿಸಿತು. ಕಾನೂನಿನಲ್ಲಿ ಅಂತಹ ಹೆಸರಿನ ವರ್ಗವೇ ಇಲ್ಲ. ಸಾರೀಕೃತ ರಸಕ್ಕೆ ನೀರು ಬೆರೆಸಿದ ಹಣ್ಣಿನ ರಸದ ಮೇಲೆ ನೂರಕ್ಕೆ ನೂರು ಹಣ್ಣಿನ ರಸ ಎಂದು ಬರೆಯಕೂಡದೆಂಬ ಆದೇಶ ಅದೇ ವರ್ಷದ ಜೂನ್‌ನಲ್ಲಿ ಬಂದಿತು.

ನಮ್ಮ ಪೊಟ್ಟಣದ ಮೇಲೇನಿದೆ?

ಪರರ ಪೊಟ್ಟಣ ಓದುವವರು ತಮ್ಮದನ್ನೂ ಓದಬೇಕು. ಕಾಫಿ ಪುಡಿಗೆ ಚಿಕೋರಿ ಬೆರೆಸಿದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಪೊಟ್ಟಣದ ಮೇಲೆ ನಮೂದಿಸಬೇಕು, ಕಾಫಿ ಶೇ. 51ಕ್ಕಿಂತ ಕಡಮೆಯಾಗಕೂಡದು. ಈ ಒಂದು ಸಾಲನ್ನು ನಾವು ಬೆಳೆಗಾರರು ಅಂಗಡಿಗಳಲ್ಲಿ ಕನ್ನಡಕ ಹಾಕಿಕೊಂಡು ಓದುತ್ತೇವೆ. ಏಕೆಂದರೆ ಅದು ನಮ್ಮ ಜೇಬಿನ ವಿಷಯ. ಅಡಿಕೆಯ ವಿಷಯವೂ ಇದೆ. ಸುಪಾರಿ ಜಗಿಯುವುದು ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯನ್ನು ಸುಪಾರಿ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ನಿಯಮವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಇದು ನಮ್ಮ ಸಭೆಗಳಲ್ಲಿ ಬಿಸಿ ಬಿಸಿ ಚರ್ಚೆ ಎಬ್ಬಿಸುವ ಸಂಗತಿಯೆಂದು ಬಲ್ಲೆ. ಆದರೂ ನಮಗೆ ಹಿತವಾದ ಸಾಲನ್ನು ಮಾತ್ರ ಓದಿ, ಹಿತವಲ್ಲದ್ದನ್ನು ಮುಚ್ಚಿಟ್ಟರೆ ಅದು ಓದಾಗುವುದಿಲ್ಲ.

ಇನ್ನೊಂದು ಮುಖ್ಯ ಕೊರತೆ ಇದೆ. ಚೀಟಿಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂದು ನಿಯಮ ಹೇಳುತ್ತದೆ. ಜೊತೆಗೆ ಬೇರೆ ಭಾಷೆ ಸೇರಿಸಲು ಅಡ್ಡಿಯಿಲ್ಲ, ಆದರೆ ಕಡ್ಡಾಯವೂ ಇಲ್ಲ. ಹೀಗಾಗಿ ನಮ್ಮ ತೋಟದ ಲೈನ್ ಮನೆಗಳ ಮಕ್ಕಳ ಕೈಯಲ್ಲಿರುವ ಐದು ರೂಪಾಯಿಯ ಪೊಟ್ಟಣವನ್ನು ಅವರ ತಾಯಂದಿರು ಓದಲಾರರು. ನಮ್ಮ ಮನೆಯ ಹಿರಿಯರೂ ಅನೇಕರು ಓದಲಾರರು.

ಸಂಘದ ಹಿಂದಿನ ನಿರ್ದೇಶಕರೊಬ್ಬರು ಹೇಳಲು ಒಪ್ಪಿಗೆ ಕೊಟ್ಟಿದ್ದರಿಂದ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಜೋಮು ಹಿಡಿದಿದ್ದವು. ಮೂರು ವರ್ಷದ ಹಿಂದೆ ತೋಟದಲ್ಲಿ ಕಡಿದ ಗಿಡದ ಕೂಳೆ ಚುಚ್ಚಿದ್ದು ಅವರಿಗೆ ತಿಳಿಯಲೇ ಇಲ್ಲ. ತಿಳಿಯುವ ಹೊತ್ತಿಗೆ ಗಾಯ ಕೊಳೆತು ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಇಡೀ ತೋಟವನ್ನು ಕಾಲ್ನಡಿಗೆಯಲ್ಲೇ ಸುತ್ತುತ್ತಿದ್ದವರು ಈಗ ಅಂಗಳದವರೆಗೆ ಬರುತ್ತಾರೆ. "ನನಗೆ ಸಿಹಿ ತಿನ್ನುವ ಚಟವಿರಲಿಲ್ಲವಯ್ಯ, ಕಾಫಿ ಒಂದೇ" ಎಂದು ಅವರು ನನ್ನೊಡನೆ ಹೇಳಿದರು. ದಿನಕ್ಕೆ ಎಂಟು ಲೋಟ, ಲೋಟಕ್ಕೆ ಮೂರು ಚಮಚ. ಸಕ್ಕರೆಯೊಂದೇ 120 ಗ್ರಾಂ ಆಗುತ್ತಿತ್ತು. ಕಾಯಿಲೆಗೆ ವಂಶ, ವಯಸ್ಸು ಮುಂತಾದ ಬೇರೆ ಕಾರಣಗಳೂ ಇರುತ್ತವೆ. ಎಲ್ಲವನ್ನೂ ಸಕ್ಕರೆ ಚಮಚದ ಮೇಲೆ ಹೊರಿಸಲಾಗದು. ಆದರೆ ನಮ್ಮ ಕೈಯಲ್ಲಿರುವುದು ಆ ಚಮಚ. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಗಡಿಯಲ್ಲಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿದೆ. ಆ ಎರಡನೆಯ ಗುಂಪಿನವರಿಗೆ ಹಿಂದಿರುಗುವ ದಾರಿ ಇನ್ನೂ ತೆರೆದಿದೆ.

ನಾನು ಆ ದಾರಿಯಲ್ಲಿ ಸ್ವಲ್ಪ ದೂರ ಹಿಂದಿರುಗಿದ್ದೇನೆ. ಕಾಫಿ ಮೂರು ಲೋಟಕ್ಕೆ ಇಳಿಯಿತು, ಸಕ್ಕರೆ ಅರ್ಧ ಚಮಚಕ್ಕೆ. ಮೊದಲ ಹತ್ತು ದಿನ ಬಾಯಿ ಕಹಿ. ಆಮೇಲೆ ನಮ್ಮದೇ ಕಾಫಿಯ ನಿಜವಾದ ರುಚಿ ತಿಳಿಯತೊಡಗಿತು. ಎಣ್ಣೆ ತಿಂಗಳಿಗೆ ಒಂದೂ ಮುಕ್ಕಾಲು ಲೀಟರಿಗೆ ಬಂದಿದೆ. ಮಿಕ್ಸ್‌ಚರ್ ಡಬ್ಬಿ ಇದೆ, ಆದರೆ ಮೇಲಿನ ಅಟ್ಟದಲ್ಲಿದೆ. ಆರು ತಿಂಗಳಲ್ಲಿ ತೂಕ ನಾಲ್ಕು ಕಿಲೋ ಇಳಿಯಿತು. ರಕ್ತದ ಅಂಕಿ 6.2ರಿಂದ 5.9ಕ್ಕೆ ಬಂದಿತು. ಇನ್ನೂ ಗಡಿಯ ಆಚೆಗೆ ಹೋಗಿಲ್ಲ, ಆದ್ದರಿಂದ ಜಂಬಕ್ಕೆ ಅವಕಾಶವಿಲ್ಲ. ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಊಟವನ್ನು ಏಕಾಏಕಿ ಕಡಮೆ ಮಾಡಬಾರದು. ಸಕ್ಕರೆ ಹಠಾತ್ತನೆ ಇಳಿಯುವುದೂ ಅಪಾಯ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಊಟವನ್ನು ಬಲ್ಲವರಾಗಲು ಅಡಿಗೆಮನೆಯನ್ನು ನೋಡಿದರೆ ಸಾಕಿತ್ತು. ಈಗ ಪೊಟ್ಟಣದ ಹಿಂಬದಿಯನ್ನೂ ನೋಡಬೇಕು.

ಕೊನೆಯದಾಗಿ ಎರಡು ಸೂಚನೆಗಳು. ನಮ್ಮ ಸಂಘದ ಕಾಫಿ ಪುಡಿಯ ಪೊಟ್ಟಣದ ಎಲ್ಲ ವಿವರಗಳನ್ನು, ಕಾಫಿ ಮತ್ತು ಚಿಕೋರಿಯ ಪ್ರಮಾಣ ಸಹಿತ, ಕನ್ನಡದಲ್ಲಿಯೂ ದಪ್ಪ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ಠರಾವನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಲಿದ್ದೇನೆ. ಸದಸ್ಯರು ಹೆಚ್ಚಿನ ಸಂಖ್ಯೆಯಲ್ಲಿ ಬಂದು ಬೆಂಬಲಿಸಬೇಕು. ಎರಡನೆಯದು, ಅಂದಿನ ಸಭೆಯ ಕಾಫಿಗೆ ಸಕ್ಕರೆಯನ್ನು ಮೊದಲೇ ಬೆರೆಸಿರುವುದಿಲ್ಲ. ಬೇರೆ ಬಟ್ಟಲಿನಲ್ಲಿ ಇಟ್ಟಿರುತ್ತದೆ. ಎಷ್ಟು ಚಮಚ ಎಂಬುದನ್ನು ಸದಸ್ಯರೇ ಎಣಿಸಿ ಹಾಕಿಕೊಳ್ಳತಕ್ಕದ್ದು.